ಪೊಟ್ಟಣದ ಹಿಂಬದಿಯ ಚರಿತ್ರೆ

ಆರ್.ಟಿ. ನಗರದ ಅಂಗಡಿಯಲ್ಲಿ ಮಕ್ಕಳಿಗೆಂದು ಬಿಸ್ಕೆಟ್, ಚಿಪ್ಸ್, ಜೆಲ್ಲಿ ಮಿಠಾಯಿ ಕೊಳ್ಳುವಾಗ ನಾವು ಮೊದಲು ಪೊಟ್ಟಣ ತಿರುಗಿಸಿ ನೋಡುತ್ತೇವೆ. ಹಂದಿಯ ಅಂಶ ಇರಬಾರದೆಂಬುದು ನಮ್ಮ ಚಿಂತೆ. ಪಕ್ಕದಲ್ಲಿ ನಿಂತ ಜೈನ ಗೃಹಿಣಿ ಹಸಿರು ಚುಕ್ಕೆ ಹುಡುಕುತ್ತಾರೆ. ಇದೇ ಪೊಟ್ಟಣವನ್ನು ಇನ್ನೊಬ್ಬರೂ ತಿರುಗಿಸಬೇಕಾಗುತ್ತದೆ: ದನ, ಕುರಿ, ಹಂದಿ ಮುಂತಾದ ಸಸ್ತನಿಗಳ ಮಾಂಸ ಒಗ್ಗದ ಅಲರ್ಜಿ ಇರುವವರು. ಅವರಿಗೆ ಇದು ಪ್ರಾಣದ ಪ್ರಶ್ನೆ.

ಬಾಯಿಗೆ ಹೋಗುವುದರಲ್ಲಿ ಏನಿದೆ ಎಂಬ ಅನುಮಾನ ನಮ್ಮ ದೇಶಕ್ಕೆ ಹೊಸದಲ್ಲ. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನ, ಹಂದಿಗಳ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಿಂದೂ ಮುಸ್ಲಿಂ ಸಿಪಾಯಿಗಳನ್ನು ಒಟ್ಟಿಗೆ ಕೆರಳಿಸಿತು. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ ಹಗರಣ ಸಂಸತ್ತನ್ನೇ ಕಲಕಿತು. 2001ರಲ್ಲಿ ಆಹಾರ ಕಲಬೆರಕೆ ತಡೆ ನಿಯಮಗಳು ತಿದ್ದುಪಡಿಯಾಗಿ ಮಾಂಸಾಹಾರಕ್ಕೆ ಕಂದು ಚುಕ್ಕೆ ಬಂತು. ಅದರ ಬೆನ್ನಿಗೇ ಸಸ್ಯಾಹಾರಕ್ಕೆ ಹಸಿರು ಚುಕ್ಕೆ. 2020ರ ನಿಯಮ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿತು. ಇವೆಲ್ಲ ಜನರ ನಂಬಿಕೆಯನ್ನು ಕಾಯಲು ಹುಟ್ಟಿದ ಗುರುತುಗಳು.

ಅಲರ್ಜಿಯ ಕಥೆ ಬೇರೆ. ಅಮೆರಿಕದಲ್ಲಿ ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿಯ ಮೊದಲ ಡೋಸಿಗೇ ಕೆಲವರು ಕುಸಿದುಬಿದ್ದರು. ಥಾಮಸ್ ಪ್ಲಾಟ್ಸ್-ಮಿಲ್ಸ್ ಮತ್ತು ಸಂಗಡಿಗರು 2008ರಲ್ಲಿ ಅದಕ್ಕೆ ಕಾರಣ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಅಂಶವೆಂದು ತೋರಿಸಿದರು. ಮನುಷ್ಯರಲ್ಲಿ, ಕೋಳಿ ಮೀನುಗಳಲ್ಲಿ ಅದಿಲ್ಲ. ದನ, ಕುರಿ, ಹಂದಿಗಳಲ್ಲಿದೆ. ಕೆಲವು ಜಾತಿಯ ಉಣುಗು ಕಚ್ಚಿದವರ ದೇಹ ಅದರ ಮೇಲೆ ತಿರುಗಿಬೀಳುತ್ತದೆ. ಉಣುಗು ಮಂಗನ ಕಾಯಿಲೆ ತರುತ್ತದೆಂದು ಮಲೆನಾಡಿಗೆ 1957ರಿಂದ ಗೊತ್ತು. ಊಟವನ್ನೇ ಶತ್ರುವಾಗಿಸುತ್ತದೆ ಎಂಬುದು ತೀರಾ ಈಚಿನ ತಿಳಿವಳಿಕೆ. ತಿಂದು ಎರಡರಿಂದ ಆರು ಗಂಟೆಯ ಮೇಲೆ ದದ್ದು, ಹೊಟ್ಟೆನೋವು, ಉಸಿರುಕಟ್ಟು ಬರುವುದರಿಂದ ಸಂಜೆಯ ತಿಂಡಿಯ ಮೇಲೆ ಯಾರಿಗೂ ಸಂಶಯ ಬಾರದು.

ಇಂಥವರಿಗೆ ನಮ್ಮ ಗುರುತುಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆಗಿರುತ್ತವೆ. ಹಸಿರು ಚುಕ್ಕೆಯಿದ್ದರೆ ಕೊಬ್ಬು, ಜೆಲಟಿನ್ ಇರುವಂತಿಲ್ಲ, ಆದರೆ ಹಾಲು ಇರಬಹುದು. ಕೆಲವು ರೋಗಿಗಳಿಗೆ ಹಾಲೂ ಆಗದು. ಕಂದು ಗುರುತು ಬರೀ ಮೊಟ್ಟೆಗೂ ಬೀಳುತ್ತದೆ. ನಾವು ನೆಮ್ಮದಿಯಿಂದ ಕೊಳ್ಳುವ ಹಲಾಲ್ ಗುರುತು ಹಂದಿಯಿಲ್ಲವೆಂದು ಹೇಳುತ್ತದೆ, ದನದ ಜೆಲಟಿನ್ ಇಲ್ಲವೆಂದು ಹೇಳುವುದಿಲ್ಲ. 2020ರ ನಿಯಮದ ಎಂಟು ಅಲರ್ಜಿಕಾರಕಗಳಲ್ಲಿ ಹಾಲು ಸೇರಿದೆ, ಮಾಂಸ ಸೇರಿಲ್ಲ. ಹಾಗಾಗಿ ಪದಾರ್ಥಗಳ ಪಟ್ಟಿಯನ್ನೇ ಓದಬೇಕು: ಜೆಲಟಿನ್, ಪ್ರಾಣಿ ಕೊಬ್ಬು, ಹಾಲಿನ ಪುಡಿ, ವೇ, ಮಸಾಲೆ ಚಿಪ್ಸಿನ 631. ಈ 631 ಮಾಂಸದಿಂದಲೂ ಬರಬಹುದು, ಮೀನಿನಿಂದಲೂ ಬರಬಹುದು. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಉದಾಹರಿಸಿ, ಸಂಕೇತ ಸಂಖ್ಯೆ ಬರೆದರೆ ಸಾಲದು, ಮೂಲ ಸಸ್ಯವೋ ಪ್ರಾಣಿಯೋ ತಿಳಿಸಬೇಕು ಎಂದಿತು.

ಯಾವ ಪ್ರಾಣಿ ಎಂಬುದನ್ನೂ ತಿಳಿಸಿದರೆ ನಮಗೂ, ಆ ಗೃಹಿಣಿಗೂ, ಆ ರೋಗಿಗೂ ಒಂದೇ ಸಾಲು ಸಾಕು. ಕುರ್‌ಆನ್ ಹಲಾಲ್ ಎಂಬ ಮಾತಿನ ಜೊತೆಯಲ್ಲೇ ತಯ್ಯಿಬ್ ಎಂದೂ ಹೇಳಿದೆ, ಅಂದರೆ ಶುದ್ಧವೂ ಹಿತವೂ ಆದದ್ದು. ಮೊದಲನೆಯದಕ್ಕೆ ಗುರುತು ಕೇಳಿ ಪಡೆದ ನಾವು, ಎರಡನೆಯದಕ್ಕಾಗಿ ನೆರೆಯವರ ಪರವಾಗಿಯೂ ಕೇಳಬೇಕಲ್ಲವೇ?