ಹನೋಯ್ ಬೀದಿ ತಿನಿಸು

ವಿಯೆಟ್ನಾಂ ರಾಜಧಾನಿ ಹನೋಯ್‌ನ ಹಳೆಪೇಟೆಯಲ್ಲಿ, ಹೆಚ್ಚಾಗಿ ಫುಟ್‌ಪಾತಿನ ಮೇಲೆಯೇ, ಮಾಡಿ ಮಾರುವ ತಿನಿಸು ಮತ್ತು ಪಾನೀಯಗಳ ಪರಂಪರೆ. ‘36 ಬೀದಿಗಳು’ ಎಂದು ಹೆಸರಾದ ಈ ಪೇಟೆಯ ಹಲವು ಬೀದಿಗಳಿಗೆ ಬೆಳ್ಳಿ, ಸಕ್ಕರೆ ಮುಂತಾದ ಹಳೆಯ ಸರಕಿನ ಹೆಸರುಗಳೇ ಉಳಿದಿವೆ. ಇಕ್ಕಟ್ಟಾದ ಬೀದಿಗಳನ್ನು ನಡೆದು ಸುತ್ತುವುದೇ ಅನುಕೂಲ. ಗಿರಾಕಿಗಳು ಕೂರುವುದು ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ.

ಅತಿ ಪ್ರಸಿದ್ಧ ತಿನಿಸು ಫೋ. 20ನೆಯ ಶತಮಾನದ ಆರಂಭದಲ್ಲಿ ಉತ್ತರ ವಿಯೆಟ್ನಾಂನಲ್ಲಿ ರೂಪುಗೊಂಡ ಇದು ದನದ ಮೂಳೆ, ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ ಹಾಕಿ ಗಂಟೆಗಟ್ಟಲೆ ಕುದಿಸಿದ ಸಾರಿನಲ್ಲಿ ಬಡಿಸುವ ಅಕ್ಕಿ ಶಾವಿಗೆ. ಬುನ್ ಚಾದಲ್ಲಿ ಕೆಂಡದ ಮೇಲೆ ಸುಟ್ಟ ಹಂದಿಮಾಂಸವನ್ನು ಮೀನುಸಾಸಿನ ಸಿಹಿಹುಳಿ ರಸದಲ್ಲಿ ಮುಳುಗಿಸಿ, ಶಾವಿಗೆ ಮತ್ತು ಹಸಿ ಸೊಪ್ಪಿನೊಂದಿಗೆ ಕೊಡುತ್ತಾರೆ. ಬಾನ್ ಕ್ವೋನ್ ಕೈಚಳಕದ ಅಡುಗೆ: ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಅಕ್ಕಿಹಿಟ್ಟು ಸವರಿ ಮುಚ್ಚಿ, ಬೆಂದ ನೀರುದೋಸೆಯಂಥ ಪದರವನ್ನು ಬಿದಿರಿನ ತೆಳುಕಡ್ಡಿಯಿಂದ ಹರಿಯದಂತೆ ಎತ್ತಿ, ಕೊಚ್ಚಿದ ಮಾಂಸ, ಅಣಬೆ ಇಟ್ಟು ಸುರುಳಿ ಸುತ್ತಲಾಗುತ್ತದೆ. ಬಾನ್ ಮಿ ಬ್ರೆಡ್ಡು ಫ್ರೆಂಚ್ ಆಳ್ವಿಕೆಯ ಕೊಡುಗೆ.

ಪಾನೀಯಗಳಲ್ಲಿ ಮೊಟ್ಟೆ ಕಾಫಿ ಹನೋಯ್‌ನದೇ ಸೃಷ್ಟಿ. ಹಾಲಿನ ಅಭಾವವಿದ್ದ 1946ರಲ್ಲಿ ಮೆಟ್ರೊಪೋಲ್ ಹೋಟೆಲಿನ ನೌಕರ ನ್ಗುಯೆನ್ ವಾನ್ ಜಾಂಗ್, ನೊರೆ ಬರುವಂತೆ ಕಡೆದ ಮೊಟ್ಟೆಯ ಹಳದಿಯನ್ನು ಕಾಫಿಯ ಮೇಲೆ ಹಾಕಿ ಇದನ್ನು ರೂಪಿಸಿದರು. ಅವರ ಹೆಸರಿನ ಕೆಫೆ ಇಂದಿಗೂ ಇದೆ. ಬಿಯಾ ಹೋಯ್ ಎಂಬುದು ಸಂರಕ್ಷಕ ಬೆರೆಸದ, ಸುಮಾರು 3% ಮದ್ಯಾಂಶದ ತಾಜಾ ಬಿಯರ್. ಬೇಗ ಕೆಡುವುದರಿಂದ ಪೀಪಾಯಿಗಳಲ್ಲಿ ದಿನವೂ ಹೊಸದಾಗಿ ಬರುತ್ತದೆ. ತಾ ಹ್ಯೆನ್ ಬೀದಿಯ ಮೂಲೆ ಇದಕ್ಕೆ ಹೆಸರುವಾಸಿ.