ಕಾಂಟೆಸ್ಸಾ ಕೆಟ್ಟರೆ ಜೆ.ಸಿ. ರಸ್ತೆ ಇತ್ತು

ಎಂಬತ್ತರ ದಶಕದ ಬೆಂಗಳೂರಲ್ಲಿ ‘ದೊಡ್ಡ ಕಾರು’ ಅಂದ್ರೆ ಕಾಂಟೆಸ್ಸಾ. ಬ್ರಿಟನ್ನಿನ ವಾಕ್ಸಾಲ್ ವಿಕ್ಟರ್ ಕಾರಿನ ಅಚ್ಚು ತಂದು ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಮೈಯೇನೋ ಸೀಮೆಯದ್ದು, ಒಳಗಿದ್ದದ್ದು ಮಾತ್ರ ನಮ್ಮ ಅಂಬಾಸಿಡರಿನ 1.5 ಲೀಟರ್ ಇಂಜಿನ್. ಅಷ್ಟು ದೊಡ್ಡ ಗಾಡಿ ಎಳೆಯೋಕೆ ಅದು ಏದುಸಿರು ಬಿಡುತ್ತಿತ್ತು. ಆದರೆ ಕೆಟ್ಟರೆ ಯಾರೂ ತಲೆ ಮೇಲೆ ಕೈ ಹೊತ್ತು ಕೂರುತ್ತಿರಲಿಲ್ಲ. ಟ್ಯಾಕ್ಸಿ ರಿಪೇರಿ ಮಾಡುವ ಮೆಕ್ಯಾನಿಕ್ಕೇ ಸಾಕಾಗಿತ್ತು. ನಾನಿರುವ ವಿಲ್ಸನ್ ಗಾರ್ಡನ್ನಿನಿಂದ ಲಾಲ್‌ಬಾಗ್ ಬಳಸಿಕೊಂಡು ಜೆ.ಸಿ. ರಸ್ತೆಗೆ ಹೋದರೆ ಅಂಬಾಸಿಡರ್ ಸಾಮಾನಿಗೇನು ಬರವೇ? ಆಮೇಲೆ ಇಸುಜು ಇಂಜಿನ್ ಬಂತು, ಓಟ ಸುಧಾರಿಸಿತು. 2002ರಲ್ಲಿ ಕಾಂಟೆಸ್ಸಾ ನಿಂತೇಹೋಯಿತು.

ಅಷ್ಟರಲ್ಲಿ ಬೆಂಜ್ ಬಂದಾಗಿತ್ತು. ಟೆಲ್ಕೋ ಜೊತೆ ಸೇರಿ ಪುಣೆಯಲ್ಲಿ 1995ರಲ್ಲಿ ಜೋಡಿಸಲು ಶುರುಮಾಡಿದ್ದು ಡಬ್ಲ್ಯೂ124 ಮಾದರಿ. ಲೋಹದ ಲೆಕ್ಕದಲ್ಲಿ ಅದು ಕಲ್ಲುಗುಂಡು, ಇದರಲ್ಲಿ ಅನುಮಾನವಿಲ್ಲ. ತೊಂದರೆ ಇದ್ದದ್ದು ವೈರಿನಲ್ಲಿ. ತೊಂಬತ್ತರ ದಶಕದ ಮೊದಲರ್ಧದ ಡಬ್ಲ್ಯೂ124 ಕಾರುಗಳ ಇಂಜಿನ್ ವೈರಿಂಗಿಗೆ, ಪರಿಸರಕ್ಕೆ ಒಳ್ಳೇದು ಅಂತ, ಬೇಗ ಕೊಳೆಯುವ ಹೊದಿಕೆ ಹಾಕಿದ್ದರು. ಮಣ್ಣು ಸೇರುವ ತನಕ ಅದು ಕಾಯಲಿಲ್ಲ. ಇಂಜಿನ್ನಿನ ಬಿಸಿಗೇ ಒಣಗಿ ಹಪ್ಪಳದ ಹಾಗೆ ಉದುರತೊಡಗಿತು. ಗಾಡಿ ಒಂದು ದಿನ ಮಿಸ್ಸಿಂಗು, ಮರುದಿನ ಸರಿ. ಗ್ಯಾರೇಜಿನವರು ಪ್ಲಗ್, ಕಾಯಿಲ್, ಸೆನ್ಸರ್ ಅಂತ ಒಂದೊಂದೇ ಬದಲಾಯಿಸುತ್ತಾ ಹೋದರೆ, ಪ್ರತೀ ಊಹೆಗೂ ಒಂದು ಬಿಲ್ಲು. ಕೊನೆಗೆ ಇಡೀ ವೈರಿಂಗ್ ಕಟ್ಟೇ ಬದಲಾಗಬೇಕು.

ಚೆನ್ನೈನ ಬಿಎಂಡಬ್ಲ್ಯೂ ಕಾರ್ಖಾನೆ ಶುರುವಾಗಿದ್ದು 2007ರಲ್ಲಿ. ಆ ಕಾಲದ 5 ಸೀರೀಸಿನದು ರನ್-ಫ್ಲಾಟ್ ಟೈರು, ಸ್ಟೆಪ್ನಿ ಇಲ್ಲ. ಜರ್ಮನಿಯ ಹೆದ್ದಾರಿಗೆ ಸರಿಯಾದ ಯೋಚನೆ. ನಮ್ಮ ಹೊಸೂರು ರಸ್ತೆಯ ಗುಂಡಿಗೆ? ಬ್ಯಾಟರಿ ಬದಲಾಯಿಸಿದರೂ ಕಂಪ್ಯೂಟರ್ ಹಚ್ಚಿ ಕಾರಿಗೆ ತಿಳಿಸಬೇಕು. ಗೇರ್‌ಬಾಕ್ಸಿನ ಎಣ್ಣೆ ‘ಜೀವನಪೂರ್ತಿ’ ಬರುತ್ತೆ ಅಂತ ಕಾರು ಕಂಪನಿ ಹೇಳಿದರೆ, ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯ ಶಿಫಾರಸು 80,000ದಿಂದ 1,20,000 ಕಿಲೋಮೀಟರಿಗೊಮ್ಮೆ ಬದಲಾಯಿಸಿ ಅಂತ. ಮೊದಲ ಮಾಲೀಕನಿಗೆ ಈ ಜಗಳ ಗೊತ್ತೇ ಆಗಲ್ಲ, ಅಷ್ಟರಲ್ಲಿ ಅವನು ಮಾರಿರ್ತಾನೆ.

ಕೊಳ್ಳೋದು ನಮ್ಮಂಥವರು. ಹತ್ತು ವರ್ಷವಾದ ಕಾರು ಹೊಸ ಹ್ಯಾಚ್‌ಬ್ಯಾಕಿನ ಬೆಲೆಗೆ ಸಿಗುತ್ತೆ, ಸಂಬಳಕ್ಕೆ ಇಎಂಐ ಹೊಂದುತ್ತೆ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗದ ಬೆಲೆ ಇಳಿಯಲ್ಲ. ಹೆಡ್‌ಲೈಟು ಈಗಲೂ ಲಕ್ಷಾಧೀಶನ ಕಾರಿನದ್ದೇ. ಕಾಂಟೆಸ್ಸಾಕ್ಕೆ ಅಂಬಾಸಿಡರ್ ಅನ್ನೋ ಬಡ ನೆಂಟನಿದ್ದ. ಇವಕ್ಕೆ ಅಂಥ ನೆಂಟರಿಲ್ಲ. ಟೋಕನ್ ಅಡ್ವಾನ್ಸ್ ಕೊಡೋ ಮುಂಚೆ, ಮಾರುವವನಿಗೆ ಸಂಬಂಧವಿಲ್ಲದ ಗ್ಯಾರೇಜಲ್ಲಿ ಸ್ಕ್ಯಾನ್ ಮಾಡಿಸಿ ಅನ್ನೋದು ನಾನು ಗೆಳೆಯರಿಗೆ ಕೊಡುವ ಒಂದೇ ಸಲಹೆ.

ಸರ್ಕಾರದ ಲೆಕ್ಕ ಬೇರೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇತ್ತು, ಆಗ 5,000 ಆಯ್ತು. 2025ರಿಂದ ಇಪ್ಪತ್ತು ವರ್ಷ ದಾಟಿದವಕ್ಕೆ 10,000. ಇದರಲ್ಲಿ ಮಾತ್ರ ಬೆಂಜಿಗೂ ಆಲ್ಟೋಗೂ ಒಂದೇ ರೇಟು.