ದುರ್ಬೀನ್ ಆಪರೇಷನ್ನಿನ ಹಿಂದಿನ ಕಥೆ

ನಮ್ಮೂರು ನಾಲವಾರದಿಂದ ದೊಡ್ಡ ದವಾಖಾನೆಗೆ ಹೊರಟವರು ಕಲಬುರಗಿ, ಸೊಲ್ಲಾಪುರದ ಗಾಡಿ ಹತ್ತುತ್ತಾರೆ, ಇಲ್ಲವೇ ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದಿಗೆ ಹೋಗುತ್ತಾರೆ. ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದವಳೆಂದು ಊರಿಗೆ ಗೊತ್ತು. ಹಿರಿಯರೂ ಸಂಕೋಚ ಬಿಟ್ಟು ಕೇಳುತ್ತಾರೆ: "ತಂಗಿ, ಪ್ರಾಸ್ಟೇಟ್ ಕ್ಯಾನ್ಸರ್ ಅಂದಾರ. ದುರ್ಬೀನ್ ಆಪರೇಷನ್ ಛಲೋನೋ, ಹೊಟ್ಟಿ ಕೊಯ್ಯೋದು ಛಲೋನೋ?"

ಇದಕ್ಕೆ ಉತ್ತರ ಹೇಳಲು ಬಹಳ ಹಿಂದಕ್ಕೆ ಹೋಗಬೇಕು. 1904ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಕ್ಯಾನ್ಸರ್ ಹಿಡಿದ ಪ್ರಾಸ್ಟೇಟ್ ಗ್ರಂಥಿಯನ್ನು ಇಡಿಯಾಗಿ ತೆಗೆದರು. ಆಮೇಲೆ ದಶಕಗಟ್ಟಲೆ ಈ ಆಪರೇಷನ್ ಎಂದರೆ ಗಂಡಸರಿಗೆ ದಿಗಿಲು. ರಕ್ತ ಧಾರಾಳ ಹೋಗುತ್ತಿತ್ತು. ಜೀವ ಉಳಿದರೂ ಬಹುತೇಕರಿಗೆ ಗಂಡಸುತನ ಉಳಿಯುತ್ತಿರಲಿಲ್ಲ, ಎಷ್ಟೋ ಮಂದಿಗೆ ಮೂತ್ರ ತಡೆಯಲಾಗುತ್ತಿರಲಿಲ್ಲ.

1981ರಲ್ಲಿ ಬಾಲ್ಟಿಮೋರಿನದೇ ಸರ್ಜನ್ ಪ್ಯಾಟ್ರಿಕ್ ವಾಲ್ಶ್ ಹಾಲೆಂಡಿನ ಲೈಡನ್ನಿಗೆ ಹೋಗಿದ್ದರು. ಅಲ್ಲಿ ನಿವೃತ್ತ ವೈದ್ಯ ಪೀಟರ್ ಡಾಂಕರ್ ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಿ ನರಗಳನ್ನು ಬಿಡಿಸಿ ನೋಡುತ್ತಿದ್ದರು. ದೊಡ್ಡವರಲ್ಲಿ ಕೊಬ್ಬಿನ ನಡುವೆ ಕಾಣದ ನರಗಳು ಶಿಶುವಿನಲ್ಲಿ ಎದ್ದು ಕಂಡವು. ಗಂಡಸುತನಕ್ಕೆ ಬೇಕಾದ ನರಗಳು ಗ್ರಂಥಿಯೊಳಗೆ ಹಾಯುವುದಿಲ್ಲ, ಹೊರಬದಿಯಲ್ಲಿ ಸಾಗುತ್ತವೆ ಎಂದು ಇಬ್ಬರೂ ಕಂಡುಕೊಂಡರು. ಮರುವರ್ಷವೇ ವಾಲ್ಶ್ ಆ ನರಗಳನ್ನು ಉಳಿಸಿ ಆಪರೇಷನ್ ಮಾಡಿದರು, ಅದೂ ಹೊಟ್ಟೆ ಕೊಯ್ದೇ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ದೊಡ್ಡ ಘಟನೆ.

ದುರ್ಬೀನು, ಎಂದರೆ ಲ್ಯಾಪರೋಸ್ಕೋಪ್, ಬಂದದ್ದು ಆಮೇಲೆ. 1990ರ ದಶಕದ ಕೊನೆಗೆ ಪ್ಯಾರಿಸ್ಸಿನ ಸರ್ಜನ್ನರು ಸಣ್ಣ ರಂಧ್ರಗಳ ಮೂಲಕವೇ ಇದನ್ನು ಮಾಡಿ ಪಳಗಿದರು. 2000ದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರೋಬೋಟ್ ಸೇರಿತು. ಅದನ್ನು ಡೆಟ್ರಾಯಿಟಿನಲ್ಲಿ ನಿತ್ಯದ ಕೆಲಸವಾಗಿಸಿದವರು ಪುದುಚೇರಿಯ ಜಿಪ್ಮರಿನಲ್ಲಿ ಓದಿದ ಮಣಿ ಮೆನನ್.

ಫಲಿತಾಂಶ? ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 326 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಟ್ಟೆ ಕೊಯ್ದು, ಇನ್ನೊಂದಕ್ಕೆ ರೋಬೋಟಿನಿಂದ ಆಪರೇಷನ್ ಮಾಡಿ ನೋಡಿದರು. 2016ರಲ್ಲಿ ಮೊದಲ ವರದಿ ಬಂತು. ರೋಬೋಟಿನವರಿಗೆ ರಕ್ತ ಬಹಳ ಕಡಿಮೆ ಹೋಗಿತ್ತು, ಮನೆಗೂ ಬೇಗ ಹೋಗಿದ್ದರು. ಮೂತ್ರದ ಹಿಡಿತ, ದಾಂಪತ್ಯದ ಶಕ್ತಿ ಮಾತ್ರ ಎರಡು ವರ್ಷವಾದರೂ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಅಲ್ಲಿ ಕೊಯ್ದವರೊಬ್ಬರು, ರೋಬೋಟ್ ನಡೆಸಿದವರು ಇನ್ನೊಬ್ಬರು. ಕೈಗೂ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ಪೂರ್ತಿ ಬೇರ್ಪಡಿಸಲು ಬರುವುದಿಲ್ಲ.

ಹಾಗಾಗಿ ಕೇಳಲು ಬಂದವರಿಗೆ ಹೇಳುತ್ತೇನೆ: "ಮೊದಲು ಡಾಕ್ಟರನ್ನ ಕೇಳ್ರಿ ಕಾಕಾ, ಈ ಆಪರೇಷನ್ ಎಷ್ಟು ಮಾಡೀರಿ ಅಂತ. ನರ ಉಳಿಸಾಕ ಬರ್ತದೇನು ಅಂತ ಆಮ್ಯಾಲೆ ಕೇಳ್ರಿ. ರಂಧ್ರದ ಮಾತು ಕೊನೀಗೆ."